ಗುಂಡ್ಲುಪೇಟೆಗೆ ಹಳಿ

ಗುಂಡ್ಲುಪೇಟೆಗೆ ರೈಲು ಬರಬೇಕೋ ಬೇಡವೋ ಎಂಬ ಗಹನವಾದ ಪ್ರಶ್ನೆ ಆ ಭಾನುವಾರ ಗುರುಮಲ್ಲಮ್ಮಜ್ಜಿಯ ಜಗಲಿಯ ಮೇಲೆ ಚರ್ಚೆಗೆ ಬಂತು. ಸಭೆಗೆ ಹಾಜರಿದ್ದವರು ಅಜ್ಜಿಯ ಮೊಮ್ಮಗಳು ಶಿವರಂಜಿನಿ ಮತ್ತು ಚಾಮರಾಜನಗರದಿಂದ ರಜೆಗೆ ಬಂದಿದ್ದ ಅವಳ ಅತ್ತೆ ಮಗ ಶಶಿಕುಮಾರ. ನಡುವೆ ಶಶಿಯ ಬ್ಯಾಟರಿ ರೈಲು.

“ನಿಮ್ಮೂರ್ಗೆ ಟ್ರೈನೇ ಇಲ್ಲ. ಇಲ್ದಿರೋ ಸ್ಟೇಷನ್ನ ಹೆಂಗ್ ಇಡ್ಲಿ?” ಎಂದ ಶಶಿ.

“ನಿನ್ ಟ್ರೈನು ಈಗ ಯಾವೂರಲ್ಲಿ ನಿಂತದೆ? ಕಣ್ಬುಟ್ಟು ನೋಡು!” ಎಂದಳು ರಂಜಿನಿ.

ಡಬ್ಬದೊಳಗಿನ ಪ್ಲಾನ್‌ನಲ್ಲಿ ಹಳಿ ಕೋಳಿಮೊಟ್ಟೆಯ ಆಕಾರದಲ್ಲಿ ಸುತ್ತುತ್ತಿತ್ತು. ಆದರೆ ಜಗಲಿಯ ಕಲ್ಲುಗಳು ಉಬ್ಬುತಗ್ಗು. ಸಮನಾಗಿದ್ದದ್ದು ಹಿತ್ತಿಲಿನಿಂದ ಕಿತ್ತು ತಂದು ಮಲಗಿಸಿದ್ದ ಹಳೆಯ ಬಾಗಿಲು ಮಾತ್ರ. ಅದಕ್ಕೆ ಉದ್ದವಿತ್ತು, ಅಗಲವಿರಲಿಲ್ಲ. ಮೊದಲ ತಿರುವಿನಲ್ಲೇ ರೈಲು ಅಜ್ಜಿಯ ಚೆಂಡುಹೂವಿನ ಬುಟ್ಟಿಗೆ ಬಿತ್ತು.

“ಎಲ್ರೂ ಇಳೀರಿ, ಹೂವಿನ ಮಾರ್ಕೆಟ್ಟು!” ಎಂದು ರಂಜಿನಿ ಕೂಗಿದಳು.

“ಸುತ್ತೋ ಪ್ಲಾನ್ ಬ್ಯಾಡ ಬುಡು,” ಎಂದ ಶಶಿ. “ಮೈಸೂರಿಂದ ನಮ್ಮೂರು. ಅಷ್ಟೆ.”

ನೇರ ಹಳಿಗಳು ಕಡಿಮೆ, ಬಾಗಿದವೇ ಹೆಚ್ಚು. ರಂಜಿನಿ ಒಂದನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ ತಿರುಗಿಸಿ ಜೋಡಿಸುತ್ತ ಹೋದಳು. ಹಳಿ ಗೋಪಾಲಸ್ವಾಮಿ ಬೆಟ್ಟದ ರಸ್ತೆಯ ಹಾಗೆ ಹೊರಳಾಡಿತು. ಬಾಗಿಲಿನಿಂದ ಮಾತ್ರ ಹೊರಗೆ ಬೀಳಲಿಲ್ಲ.

ಕೊನೆಯಲ್ಲಿ ಶಶಿ ಎರಡು ಕವಲುಹಳಿ ಹಾಕಿ ಪಕ್ಕದಲ್ಲಿ ಇನ್ನೊಂದು ದಾರಿ ಮಾಡಿದ. “ನಮ್ಮೂರೇ ಲಾಸ್ಟ್ ಸ್ಟೇಷನ್. ಎಂಜಿನ್ ಬಿಚ್ಕೊಂಡು, ಪಕ್ಕದ್ ಲೈನಲ್ಲಿ ಬಂದು, ಆ ಕಡೆಗೆ ತಗಲ್ಹಾಕ್ಕೊಳುತ್ತೆ. ಅದ್ನ ನೋಡಕ್ಕೇ ನಾನೂ ಅಪ್ಪನೂ ಸ್ಟೇಷನ್ನಿಗೆ ಹೋಗ್ತೀವಿ ಗೊತ್ತಾ?”

ಅವನು ನೀರು ಕುಡಿಯಲು ಒಳಗೆ ಹೋದದ್ದೇ ತಡ, ರಂಜಿನಿ ಅಜ್ಜಿಯ ಎರಡು ಮಣೆಗಳನ್ನು ಬಾಗಿಲ ತುದಿಗೆ ಒತ್ತಿಟ್ಟಳು. ಕವಲುಹಳಿಗಳನ್ನು ಕಿತ್ತು ಅವುಗಳ ಮೇಲೆ ಜೋಡಿಸಿದಳು. ಗುಂಡ್ಲುಪೇಟೆ ಜಂಕ್ಷನ್ ಸಿದ್ಧವಾಯಿತು.

ಶಶಿ ಬಂದು ನೋಡಿದ. “ಎಂಜಿನ್ ಎಲ್ಲಿ ಬಿಚ್ತೀಯ?”

“ನಮ್ಮೂರಲ್ಲಿ.”

“ಮತ್ತೆ ನಮ್ಮೂರಲ್ಲಿ?” ಎಂದ ಶಶಿ.

“ಒಂದ್ನಿಮಿಷ ನಿಂತ್ಕಂಡು ಹೋಯ್ತದೆ.”

ಅಷ್ಟರಲ್ಲಿ ಅಜ್ಜಿ ಬಂದರು. “ನನ್ ಮಣೆ ಎಲ್ಲಮ್ಮಿ? ಊವ ಕಟ್ಬೇಕು.”

“ಕೂರ್ಬ್ಯಾಡ ಅಜ್ಜಿ, ಅದು ಗುಂಡ್ಲುಪೇಟೆ!”

“ಅಂಗಾರೆ ನಾನು ಬಂಡೀಪುರಕ್ಕೋಗಿ ಕುಂತ್ಕಳನಾ?”

ರಂಜಿನಿ ಬಿದ್ದು ಬಿದ್ದು ನಕ್ಕಳು. ಶಶಿ ನಗಲಿಲ್ಲ. ಇಂಥದ್ದಕ್ಕೆಲ್ಲ ಮೊದಲು ನಗುವವನು ಅವನೇ. ಈಗ ಎಂಜಿನ್ ಕೈಯಲ್ಲಿ ಹಿಡಿದು, ಅದರ ಚಕ್ರವನ್ನು ಬೆರಳಿನಿಂದ ಸುಮ್ಮನೆ ತಿರುಗಿಸುತ್ತಿದ್ದ.

ರಂಜಿನಿಯ ನಗು ಅರ್ಧಕ್ಕೇ ನಿಂತಿತು. ಅವಳು ಬಾಗಿಲ ಕಡೆ ನೋಡಿದಳು. ಚಾಮರಾಜನಗರದಲ್ಲಿ ಈಗ ಒಂದೇ ಒಂದು ನೇರ ಹಳಿ ಇತ್ತು. ಎಂಜಿನ್ ಬಿಚ್ಚುವುದನ್ನು ನೋಡಲು ಅಪ್ಪ, ಮಗ ಇನ್ನು ಅಲ್ಲಿಗೆ ಹೋಗಬೇಕಾಗಿರಲಿಲ್ಲ.

ಅವಳು ಕವಲುಹಳಿಗಳನ್ನು ಮತ್ತೆ ಕಿತ್ತು ಚಾಮರಾಜನಗರದಲ್ಲೇ ಹಾಕಿದಳು. ಒಂದು ಮಣೆಯನ್ನು ಅಜ್ಜಿಗೆ ಕೊಟ್ಟಳು. ಉಳಿದ ಮಣೆಯ ಮೇಲೆ ಒಂದು ನೇರ ಹಳಿ ಇಟ್ಟಳು.

“ಬಾ ಶಶಿ, ನಿಮ್ಮೂರಲ್ಲಿ ಎಂಜಿನ್ ಬಿಚ್ಚು.”

ಶಶಿ ಬಿಚ್ಚಿದ, ಪಕ್ಕದ ದಾರಿಯಲ್ಲಿ ತಂದ, ಹಿಂದೆ ಸೇರಿಸಿದ.

“ಈಗ ಹಿಂದ್ಲಿಂದ ತಳ್ಳಿಸು.”

“ಎಲ್ಲಿಗೆ?”

“ಮಣೆಗೆ ಕಣೋ.”

ಶಶಿ ಹಳಿಯನ್ನು ಆ ತುದಿಯಿಂದ ಈ ತುದಿಯವರೆಗೆ ದಿಟ್ಟಿಸಿದ. ಇದ್ದಕ್ಕಿದ್ದಂತೆ ತೊಡೆ ತಟ್ಟಿಕೊಂಡ. “ಏಯ್! ವಾಪಸ್ ಬರೋವಾಗ ಎಂಜಿನ್ ಮುಂದೇನೇ ಇರುತ್ತೆ ಕಣಮ್ಮಿ! ಸೀದಾ ಮೈಸೂರ್ಗೇ ಹೋಗ್ಬೌದು!”

ಸ್ವಿಚ್ ಒತ್ತಿದವನು ಅವನೇ. ಆ ಸಂಜೆ ಗುಂಡ್ಲುಪೇಟೆಗೆ ರೈಲು ಬಂತು. ಬೋಗಿ ಮುಂದೆ, ಎಂಜಿನ್ ಹಿಂದೆ.