ಯೆಜ್ಡಿ ನೋಡಲು ಬಂದವನು

ನವೆಂಬರ್ ೧೬, ಭಾನುವಾರ. ಮಧ್ಯಾಹ್ನ ಎರಡೂವರೆಗೆ ದೊಡ್ಡಬಳ್ಳಾಪುರದ ಬಳಿಯ ಮಧುರೆಯ ದೇವರಾಜ್ ದೂರು ಕೊಡಲು ಠಾಣೆಗೆ ಬಂದ. ಜೊತೆಯಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರಿದ್ದರು. ಅವರ ಕೈಯಲ್ಲಿ ಬಟ್ಟೆ ತುಂಬಿದ ಚೀಲವಿತ್ತು.

ಸಬ್‌ಇನ್‌ಸ್ಪೆಕ್ಟರ್ ನಂದೀಶ್ ಊಟದ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟರು.

"ಏನ್ ಹೋಗಿದೆ?"

"ಗಾಡಿ ಸಾರ್. ನಮ್ಮಪ್ಪಂದು, ಎಂಬತ್ತೆರಡನೇ ಇಸವಿ ಯೆಜ್ಡಿ. ಮಾರೋಣ ಅಂತ ಆನ್‌ಲೈನಲ್ಲಿ ಫೋಟೊ ಹಾಕಿದ್ದೆ. ಒಬ್ಬ ನೋಡೋಕೆ ಬಂದ. ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡ್ದ. ಒಂದು ರೌಂಡ್ ಹೋಗ್ಬರ್ತೀನಿ ಅಂದೋನು ಬರ್ಲೇ ಇಲ್ಲ."

"ಕೇಳಿದ ತಕ್ಷಣ ಕೀ ಕೊಟ್ಬಿಟ್ಯಾ?"

"ನಮ್ಮಮ್ಮ ಇಲ್ಲೇ ಕೂತಿರ್ತಾರೆ ಅಂತ ಇವರನ್ನ ಜಗಲಿ ಮೇಲೆ ಕೂರಿಸ್ದ ಸಾರ್. ಹೆತ್ತೋಳ್ನ ಬಿಟ್ಟು ಯಾರಾದ್ರೂ ಓಡೋಗ್ತಾರಾ?"

"ನನ್ ಮಗ ಅಲ್ಲ ಕಣಪ್ಪ, ಅಳಿಯ" ಎಂದರು ಆ ಹೆಂಗಸು.

ಕಳ್ಳತನದ ಎಫ್‌ಐಆರ್ ಆಯಿತು. ಮಹಿಳಾ ಕಾನ್‌ಸ್ಟೆಬಲ್ ಮಮತ ವಿಚಾರಣೆಗೆ ಕೂತಳು.

"ಹೆಸರೇನಮ್ಮ?"

"ಮುನಿಗಂಗಮ್ಮ."

"ಊರು?"

"ನಂದಗುಡಿ."

"ಈಗ ಎಲ್ಲಿದೀರ?"

"ಮಗಳ ಮನೇಲಿ."

"ಅದೆಲ್ಲಿದೆ?"

ಮುನಿಗಂಗಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಂಡರು. "ಮಗ್ಗದ ಸದ್ದು ಬತ್ತದೆ" ಎಂದರು. ಆಮೇಲೆ ಬಾಗಿಲ ಕಡೆ ನೋಡಿ, "ರಂಜಿತ ಬಂದ್ಲಾ?" ಎಂದು ಕೇಳಿದರು.

"ರಂಜಿತ ಯಾರು?"

"ನನ್ ಮಗಳು."

"ಚೆನ್ನಾಗಿ ಟ್ರೈನಿಂಗ್ ಕೊಟ್ಟವ್ನೆ ಕಣಮ್ಮ ಮಮತ" ಎಂದರು ನಂದೀಶ್. "ಸಿಕ್ಕಾಕ್ಕೊಂಡ್ರೆ ಮರೆವು ಅಂತ ನಾಟ್ಕ."

ಪಂಚರ ಎದುರು ಚೀಲ ಬಿಚ್ಚಿದರು. ಇಸ್ತ್ರಿ ಮಾಡಿದ ನಾಲ್ಕು ಸೀರೆ, ಒಂದು ಬಾಚಣಿಗೆ, ಬೆಳಗಿನದು ರಾತ್ರಿಯದು ಎಂದು ಬೇರೆಬೇರೆ ಕಟ್ಟಿದ ಮಾತ್ರೆಗಳು. ಪಂಚನಾಮೆ ಬರೆಯುತ್ತಿದ್ದ ಮಮತ ಪೆನ್ನು ನಿಲ್ಲಿಸಿದಳು.

"ಸಾರ್, ಗಾಡಿ ನೋಡೋಕೆ ಬರೋರು ಸೀರೆ ಯಾಕ್ ತರ್ತಾರೆ?"

ಆ ರಾತ್ರಿ ಅಜ್ಜಿಯನ್ನು ಎಲ್ಲಿ ಮಲಗಿಸಬೇಕೆಂಬುದು ಯಾರಿಗೂ ಗೊತ್ತಿರಲಿಲ್ಲ. ಮಮತ ತನ್ನ ಮನೆಗೆ ಕರೆದುಕೊಂಡು ಹೋದಳು.

ಸೋಮವಾರ ಬೆಳಗ್ಗೆ ಯೆಜ್ಡಿ ದೊಡ್ಡಬಳ್ಳಾಪುರ ರೈಲು ನಿಲ್ದಾಣದ ಬಳಿ ಸಿಕ್ಕಿತು. ಒಯ್ದವನು ನೆರಳು ನೋಡಿ ನಿಲ್ಲಿಸಿದ್ದ. ಹ್ಯಾಂಡಲ್ ಲಾಕ್ ಆಗಿತ್ತು. ಪೆಟ್ರೋಲ್ ನಲ್ಲಿಯೂ ಮುಚ್ಚಿತ್ತು. ಕೀಯನ್ನು ಪಕ್ಕದ ಟೀ ಅಂಗಡಿಯಲ್ಲಿ ಕೊಟ್ಟು, ಗಾಡಿಯವರು ಬರುತ್ತಾರೆ ಎಂದು ಹೇಳಿ ಹೋಗಿದ್ದ.

ದೇವರಾಜ್ ಟ್ಯಾಂಕ್ ಮೇಲೆ ಕೈಯಾಡಿಸಿದ. "ಗಾಡಿ ಸಿಕ್ತಲ್ಲ ಸಾರ್. ಕೇಸು ಬೇಡ, ಬಿಟ್ಬಿಡಿ."

"ಅಜ್ಜಿ?"

ದೇವರಾಜ್ ಟ್ಯಾಂಕ್ ಮೇಲಿಂದ ಕೈ ತೆಗೆದ.

ಗಾಡಿ ಕೇಳಲು ಅವನು ಫೋನ್ ಮಾಡಿದ್ದು ಸ್ವಂತ ನಂಬರಿನಿಂದಲೇ. ವಿಳಾಸ ಸಿಗುವುದು ಕಷ್ಟವಾಗಲಿಲ್ಲ. ಸಂಜೆ ನಂದೀಶ್ ಹೋದಾಗ, ಪವರ್‌ಲೂಮ್ ಸದ್ದಿನ ಗಲ್ಲಿಯ ಆ ಮನೆಯ ಬಾಗಿಲು ತೆರೆದೇ ಇತ್ತು. ಅಳಿಯ ಅಂಬರೀಶ್ ಚಪ್ಪಲಿ ಹಾಕಿಕೊಂಡು ಹೊರಗೆ ಬಂದ.

"ಅತ್ತೆ ಊಟ ಮಾಡಿದ್ರಾ ಸಾರ್?"

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ.

"ಗಾಡಿ ಬೇಕಿರ್ಲಿಲ್ಲ ಅಂದ್ಮೇಲೆ ಯಾಕೋ ಎತ್ಕೊಂಡೋದೆ?"

"ಎದ್ದು ಹೋಗೋಕೆ ಒಂದು ನೆಪ ಬೇಕಿತ್ತು ಸಾರ್. ರಂಜಿತ ತೀರ್ಕೊಂಡು ಎರಡು ವರ್ಷ ಆಯ್ತು. ಅತ್ತೆಗೆ ಅದು ನೆನಪಲ್ಲಿ ನಿಲ್ಲಲ್ಲ. ದಿನಾ ಸಂಜೆ ಬಂದ್ಲಾ ಅಂತಾರೆ. ಇಲ್ಲ ಅತ್ತೆ, ಹೋಗ್ಬಿಟ್ಲು ಅಂತೀನಿ. ಆಗ್ತಾನೇ ಕೇಳ್ದಂಗೆ ಅಳ್ತಾರೆ. ಆಮೇಲೆ ಮರ್ತು ಊಟ ಮಾಡ್ತಾರೆ. ನಂಗೆ ಮರೆಯೋಕಾಗಲ್ಲ. ನಾಳೆ ಮತ್ತೆ ಹೇಳ್ಬೇಕಲ್ಲ."

"ಅದೇ ಮನೇಲಿ ಯಾಕೆ ಬಿಟ್ಟೆ?"

"ಅವ್ರು ಹಾಕಿದ್ದ ಫೋಟೊದಲ್ಲಿ, ಗಾಡಿ ಹಿಂದೆ, ಯಾರೋ ಒಬ್ರು ವಯಸ್ಸಾದೋರ್ಗೆ ತಲೆ ಬಾಚ್ತಾ ಇದ್ರು ಸಾರ್."

ನಂದೀಶ್ ಆ ಫೋಟೊವನ್ನು ಹಿಂದಿನ ದಿನದಿಂದ ನೋಡುತ್ತಿದ್ದರು. ಈಗ ಫೋನ್ ತೆಗೆದು ಮತ್ತೆ ನೋಡಿದರು. ಹಿಂದಿನ ಚಕ್ರದ ಆಚೆ, ಜಗಲಿಯ ಮೇಲೆ, ದೇವರಾಜನ ಹೆಂಡತಿ ರಮ್ಯ ತನ್ನ ಅತ್ತೆಯ ತಲೆ ಬಾಚುತ್ತಿದ್ದಳು.

ಹಿರಿಯರನ್ನು ತೊರೆದ ಅಪರಾಧವನ್ನೂ ಪ್ರಕರಣಕ್ಕೆ ಸೇರಿಸಿ, ಆರು ಗಂಟೆಗೆ ಅಂಬರೀಶನ ಬಂಧನವನ್ನು ದಾಖಲಿಸಿದರು.

ಹೊರಗೆ ದೀಪ ಹತ್ತಿತು. ಬೆಂಚಿನ ಪಕ್ಕದ ಕುರ್ಚಿಯಲ್ಲಿದ್ದ ಮುನಿಗಂಗಮ್ಮ ತಲೆಯೆತ್ತಿದರು.

"ರಂಜಿತ ಬಂದ್ಲಾ?"

ಮಮತ ಲಾಕಪ್ಪಿನ ಕಡೆ ನೋಡಿ, "ಕೆಲಸಕ್ಕೆ ಹೋಗವ್ಳೆ, ಬರ್ತಾಳೆ ಅಮ್ಮ" ಎಂದಳು.

ಲಾಕಪ್ಪಿನೊಳಗೆ ಅಂಬರೀಶ್ ಎದ್ದು ನಿಂತ. "ಹಂಗ್ ಹೇಳ್ಬೇಡಿ ಮೇಡಂ. ಕಾಯ್ತಾರೆ, ಮಲಗಲ್ಲ."

ಮುನಿಗಂಗಮ್ಮ ಆಗಲೇ ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡಿದ್ದರು.