ಗುಂಡಿ ತೋಡಿದವನು

"ನಿಲ್ಸಿ! ನಿಲ್ಸಿ ಅಂದ್ರೆ ಕೇಳ್ಸಲ್ವಾ?"

ಅವಳು ಓಡಿ ಬಂದು ಅಗೆಯುವ ಯಂತ್ರದ ಮುಂದೆಯೇ ನಿಂತುಬಿಟ್ಟಳು. ಬಕೆಟ್ಟು ಅವಳ ತಲೆಯಿಂದ ಎರಡು ಮಾರು ದೂರದಲ್ಲಿ ತಟ್ಟನೆ ನಿಂತಿತು. ಕ್ಯಾಬಿನ್ನಿನಿಂದ ಇಳಿದವನ ಮುಖ ಬಿಳಿಚಿಕೊಂಡಿತ್ತು.

"ಮೇಡಂ, ಸಾಯೋಕೆ ಬೇರೆ ಜಾಗ ಸಿಗ್ಲಿಲ್ವಾ?"

"ಸಮ ಮಾಡಿಸಿದ ನೆಲ ಇದು! ಮಳೆ ಬಿದ್ದ ಕೂಡ್ಲೇ ಎರಡು ಸಾವಿರ ಸಸಿ ನೆಡ್ಬೇಕು. ನೀವು ನೋಡಿದ್ರೆ ಹಂದಿ ಕೆದರಿದ ಹಾಗೆ ಕೆದರಿಟ್ಟಿದೀರಾ!"

ಅವನು ಒಂದು ಹಾರೆ ತಂದು ಅವಳ ಕೈಗಿಟ್ಟ. "ಕೆದರದೇ ಇರೋ ಕಡೆ ಹಾಕಿ ನೋಡಿ."

ಅವಳು ಸಿಟ್ಟೆಲ್ಲ ಸೇರಿಸಿ ಹಾಕಿದಳು. ಠಣ್! ಹಾರೆ ನಾಲ್ಕು ಬೆರಳೂ ಇಳಿಯಲಿಲ್ಲ.

"ಹನ್ನೆರಡು ವರ್ಷ ಗರಸುಮಣ್ಣಿನ ಲಾರಿ ಓಡಾಡಿದ ನೆಲ. ಬೇರು ಎಲ್ಲಿಗೆ ಹೋಗ್ಬೇಕು? ಹೀಗೆ ಒರಟಾಗೇ ಬಿಟ್ರೆ ತಗ್ಗಲ್ಲಿ ನೀರು ನಿಲ್ಲುತ್ತೆ, ಬೀಜ ಸಿಕ್ಕಿಕೊಳ್ಳುತ್ತೆ."

ಹೋದ ವರ್ಷ ಅವಳು ನೆಟ್ಟ ಎಂಟುನೂರು ಸಸಿಗಳು ಒಂದೊಂದಾಗಿ ಒಣಗಿದ್ದವು. 'ನಿನ್ನ ಕೈಗುಣವೇ ಸರಿಯಿಲ್ಲ' ಎಂದಿದ್ದರು ಎಲ್ಲರೂ. ಇಂದು ಮೊದಲ ಬಾರಿಗೆ ಒಬ್ಬರು ನೆಲದ ತಪ್ಪು ನೆಲಕ್ಕೆ ಹೊರಿಸಿದ್ದರು!

ಕಣ್ಣು ತುಂಬಿತು. ಛೇ... ಗುರುತಿಲ್ಲದವನ ಮುಂದೆ!

ಅವರು ನಿಂತಿದ್ದದ್ದು ಕೆಲಸ ನಿಲ್ಲಿಸಿದ ಗರಸಿನ ಗಣಿಯಲ್ಲಿ, ಅದರ ಪಕ್ಕದಲ್ಲೇ ಅವಳ ನರ್ಸರಿ. ಅದಕ್ಕೇ ಕೆಲಸದವರಿಗೆ ಅವಳು 'ನರ್ಸಮ್ಮ'. ಗಣಿಯ ನೆಲ ಸರಿಪಡಿಸಲು ಯಂತ್ರ ತಂದ, ಮಾತಿಗೆ ಬಾಯಿ ಬಿಡದ ಅವನು 'ಗುಮ್ಮ'. ಆದರೆ ಅವಳಿಗೆ ಆ ಜಾಗ ಬರೀ ಗಣಿಯಲ್ಲ. ಅವಳು ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ಅಪ್ಪ ಮಾರಿದ್ದ ಹೊಲ. ರಜೆಗೆ ಬಂದಾಗ ಹೊಲವಿದ್ದ ಕಡೆ ಗುಂಡಿಯಿತ್ತು. ಅಲ್ಲಿ ಮತ್ತೆ ಹಸಿರು ಕಾಣುವ ತನಕ ಅವಳಿಗೆ ನಿದ್ದೆಯಿಲ್ಲ.

ಒಂದು ತಿಂಗಳು ಅವನು ನೆಲ ಕೆದರುತ್ತಾ ಹೋದ, ಅವಳು ಹಿಂದೆಯೇ ಹುಲ್ಲಿನ ಬೀಜ ಚೆಲ್ಲುತ್ತಾ ಹೋದಳು. ಒಂದು ದಿನ ಕಲ್ಲುಗಳ ನಡುವೆ ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆ ಕಂಡವು. ಅವನು ಸುತ್ತ ಕಲ್ಲು ಗುರುತಿಟ್ಟು, ಮರಿ ಹೊರಬರುವ ತನಕ ಯಂತ್ರವನ್ನು ಆ ಕಡೆ ತಿರುಗಿಸಲೇ ಇಲ್ಲ.

'ಇವನ ಮನಸ್ಸು ಇಷ್ಟು ಮೆತ್ತಗಾ?' ಅವಳ ಎದೆಯಲ್ಲಿ ಏನೋ ಮಿಸುಕಾಡಿತು...

ಗಣಿಯಲ್ಲಿ ಲಾರಿಗಳ ತೂಕ ಬರೆಯುತ್ತಿದ್ದ ಚಿಕ್ಕಮ್ಮ ಮನೆಗೆ ಬಂದದ್ದು ಆಗಲೇ.

"ಗುಮ್ಮನ ಜೊತೆ ಭಾರೀ ನಗು ಅಂತೆ? ನಿಮ್ಮ ಹೊಲಕ್ಕೆ ಮೊದಲ ಬಕೆಟ್ ಹಾಕಿದ್ದೇ ಅವನು ಕಣೇ!"

ಅವಳು ನಿಂತ ಕಾಲಲ್ಲೇ ಗುಂಡಿಗೆ ಹೋದಳು.

"ನಿಜಾನಾ?"

ಅವನು ತಲೆ ತಗ್ಗಿಸಿದ. "ನಿಜ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ... ಈಗ ನೋಡ್ತಿದೀರಲ್ಲ, ಹೀಗೇ ನೋಡ್ತೀರಿ ಅಂತ."

"ಹೋಗಿ ಇಲ್ಲಿಂದ!"

ಅವನು ಹೋದ. ಯಂತ್ರವೂ ಹೋಯಿತು.

ನಾಲ್ಕು ದಿನ. ಮೋಡ ಕಟ್ಟುತ್ತಿತ್ತು, ಕೆಲಸ ಅರ್ಧಕ್ಕೆ ನಿಂತಿತ್ತು. ನೀರು ಹಾಕಿದ ಸಸಿಗಳಿಗೇ ಅವಳು ಮತ್ತೆ ನೀರು ಹಾಕಿದಳು. ಸಸಿ ಚೀಲಗಳನ್ನು ಎಣಿಸಿದಳು, ಲೆಕ್ಕ ತಪ್ಪಿ ಮೊದಲಿನಿಂದ ಎಣಿಸಿದಳು. ರಸ್ತೆಯಲ್ಲಿ ಇಂಜಿನ್ನಿನ ಸದ್ದಾದರೆ ಬಾಗಿಲಿಗೆ ಓಡಿದಳು. ಹಾಲಿನ ವ್ಯಾನು... ಥೂ!

'ನಾನೇ ಹೋಗು ಅಂದವಳು. ಮತ್ತೆ ಈ ಒದ್ದಾಟ ಯಾಕೆ?'

"ಕೂತ್ಕೋ ಮಗಳೇ," ಅಂದರು ಅಪ್ಪ. "ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ಬೇಡ."

"ನಮ್ಮ ಹೊಲ ತೋಡಿದವನು ಅಪ್ಪ ಅವನು!"

"ತೋಡಿದ್ದು ಅವನು. ಮಾರಿದ್ದು ನಾನು. ನನ್ನ ಜೊತೆ ದಿನಾ ಕೂತು ಊಟ ಮಾಡ್ತೀಯಲ್ಲ?"

ಅವಳು ಅಪ್ಪನ ಪಕ್ಕ ಕೂತಳು.

ಅಪ್ಪ ತಡೆದು ತಡೆದು ಹೇಳಿದರು. "ಗುಂಡಿ ಅಂಚಲ್ಲಿ ಪೊದೆ ಬೆಳೆದ ದಿಬ್ಬ ಇದೆಯಲ್ಲ, ಏನದು?"

"ಗಣಿಯವರ ಕಸ."

"ನಮ್ಮ ಹೊಲದ ಮೇಲ್ಮಣ್ಣು. ಹೊಳೆಗೆ ತಳ್ಳು ಅಂದಿದ್ರು ಗಣಿಯವರು. ಇವನು ಒಪ್ಲಿಲ್ಲ. 'ಒಂದು ದಿನ ವಾಪಸ್ ಹಾಕ್ಬೇಕಾಗುತ್ತೆ' ಅಂತ ಅಷ್ಟನ್ನೂ ಅಲ್ಲಿ ಪೇರಿಸಿದ. ಅದಕ್ಕೆ ಎಲ್ಲರೆದುರು ಬೈಸಿಕೊಂಡ. ನಾನು ನೋಡ್ತಾ ನಿಂತಿದ್ದೆ... ನಿನಗೆ ಹೇಳೋಕೆ ನನಗೇ ಮುಖ ಇರ್ಲಿಲ್ಲ."

ಅವಳು ದಿಬ್ಬಕ್ಕೆ ಓಡಿದಳು. ಪೊದೆ ಸರಿಸಿ ಕೈ ಹಾಕಿದಳು. ಕಪ್ಪು, ಮೆತ್ತನೆ ಮಣ್ಣು! ಬೆರಳ ಸಂದಿನಲ್ಲಿ ಒಂದು ಎರೆಹುಳ ಹೊರಳಿತು. ಅವಳು ಅಲ್ಲೇ ಕುಸಿದು ಮನಸಾರೆ ಅತ್ತಳು.

ಯಂತ್ರ ರಿಪೇರಿಯ ಶೆಡ್ಡಿನಲ್ಲಿ ಅವನು ಬಕೆಟ್ಟಿನ ಹಲ್ಲು ಬಿಗಿಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಅವಳ ಮೊಣಕೈವರೆಗೂ ಮಣ್ಣು.

"ಅಪ್ಪ ಎಲ್ಲಾ ಹೇಳಿದ್ರು. ಈ ಗಣಿ ತುಂಬೋ ಕೆಲಸಾನೇ ಬೇಕು ಅಂತ ಕೇಳಿ ಬಂದ್ರಂತೆ?"

"ಹೂಂ."

"ಯಾಕೆ?"

"ತೋಡುವಾಗ ದಿನಾ ಅನ್ಕೋತಿದ್ದೆ, ತುಂಬೋದೂ ನಾನೇ ಆಗ್ಬೇಕು ಅಂತ. ನಿಮ್ಮನ್ನ ನೋಡಿದ ಮೇಲೆ..." ಅವನು ಕೈ ಒರೆಸಿಕೊಂಡ. "ನನಗೆ ಮಾತು ಬರಲ್ಲ, ನರ್ಸಮ್ಮ. ಇಷ್ಟ. ಅಷ್ಟೇ."

ಅವಳು ಅಳುತ್ತಲೇ ನಕ್ಕಳು. "ನಾಳೆ ಉಳಿದ ಅರ್ಧಕ್ಕೆ ಆ ದಿಬ್ಬದ ಮಣ್ಣು ಹರಡ್ಬೇಕು. ಮಳೆ ಕಾಯಲ್ಲ. ಬರ್ತೀಯಾ?"

"ಬರ್ತೀಯಾ... ಅಂದ್ರಾ?"

"ಹೂಂ. ಬರ್ತೀಯಾ."

ಅವನ ಮುಖ ಕೆಂಪಾಯಿತು. "ಅದು ಬೇಗ ಮುಗಿಯೋ ಕೆಲಸ ಅಲ್ಲ. ಮರ ನೆರಳು ಕೊಡೋಕೆ ಹತ್ತು ವರ್ಷ ಬೇಕು."

ಅವಳು ಮಣ್ಣಿನ ಕೈಯಿಂದಲೇ ಅವನ ಕೈ ಹಿಡಿದಳು.

"ಹತ್ತೇ ಸಾಕಾ ನಿನಗೆ?"