ಇಪ್ಪತ್ತಾರು ತುಂಡು

ಡಾಕ್ಟರರ ಕಾದಂಬರಿಯನ್ನು ಕೊಂದೇ ತೀರಬೇಕೆಂದು ಸರ್ವರಣ್ಣ ನಿರ್ಧರಿಸಿದ್ದು ಒಂದು ಶುಕ್ರವಾರ ಮಧ್ಯಾಹ್ನ, ಅದರ ನಲವತ್ತನೇ ಅಧ್ಯಾಯ ಕೇಳುತ್ತಾ ಕೂತಿದ್ದಾಗ.

ಡಾಕ್ಟರರ ಹಲ್ಲಿನ ಆಸ್ಪತ್ರೆಯ ಕಂಪ್ಯೂಟರುಗಳನ್ನು, ಅವುಗಳ ಫೈಲುಗಳೆಲ್ಲ ಇರುವ ಸರ್ವರ್ ಯಂತ್ರವನ್ನು ನೋಡಿಕೊಳ್ಳುವವನು ಅವನು. ಅದಕ್ಕೇ ಆ ಹೆಸರು. ಹೊಸ ರೋಗಿಗಳು ಹೆಸರು ಕೇಳಿಸಿಕೊಂಡು ಅವನಿಗೆ ಎರಡು ಕಾಫಿ ಹೇಳಿದ್ದೂ ಉಂಟು. ಅದನ್ನವನು ಸಹಿಸಿಕೊಂಡಿದ್ದ. ಆರು ವರ್ಷದಿಂದ ಪ್ರತಿ ಶುಕ್ರವಾರ ಡಾಕ್ಟರರು ಎಲ್ಲರನ್ನೂ ಕೂರಿಸಿಕೊಂಡು ತಮ್ಮ ‘ಬೇರು’ ಎಂಬ ಕಾದಂಬರಿ ಓದುವುದನ್ನೂ ಸಹಿಸಿಕೊಂಡಿದ್ದ. ಆದರೆ ನಲವತ್ತನೇ ಅಧ್ಯಾಯದಲ್ಲಿ ಒಬ್ಬ ಬೋಳುತಲೆಯ ಗುಮಾಸ್ತ ಬಂದ. ಮಾತಿಗೊಮ್ಮೆ ಕನ್ನಡಕ ಒರೆಸಿಕೊಳ್ಳುವ, ಕೂತಲ್ಲೇ ಗೊರಕೆ ಹೊಡೆಯುವ, ಹೆಂಡತಿಯ ಫೋನು ಬಂದರೆ ಎದ್ದು ನಿಲ್ಲುವ ಗುಮಾಸ್ತ. ಎಕ್ಸ್‌ರೇ ತೆಗೆಯುವ ಅಕ್ಕ ಕಿಸಕ್ಕನೆ ನಕ್ಕಳು. ಸರ್ವರಣ್ಣನ ಕೈ ಕನ್ನಡಕದವರೆಗೆ ಹೋಗಿ ನಿಂತಿತು. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಎದ್ದು ನಿಂತುಬಿಟ್ಟ.

“ಪಾತ್ರ ಅಂದ್ರೆ ಹೀಗಿರಬೇಕು ನೋಡಿ!” ಎಂದರು ಡಾಕ್ಟರರು, ನಗು ಅಡಗಿದ ಮೇಲೆ. “ಹೊಸ ನರ್ಸಮ್ಮನಿಗೆ ಹಿಂದಿನ ಕತೆ ಗೊತ್ತಿಲ್ಲ, ಪಾಪ. ಇದು ಮುಗೀತಿದ್ದ ಹಾಗೇ ಮೊದಲನೇ ಪುಟದಿಂದ ಮತ್ತೆ ಶುರು ಮಾಡೋಣ.”

ಇನ್ನೂ ಆರು ವರ್ಷ. ಸರ್ವರಣ್ಣ ಅಂದೇ ಲೆಕ್ಕ ಹಾಕಿ, ಕೆಲಸಕ್ಕೆ ಕೈಹಚ್ಚಿದ.

ಕತೆ ಕದಿಯುವವರಿದ್ದಾರೆಂಬ ಹೆದರಿಕೆಯಿಂದ ಡಾಕ್ಟರರು ಕಾದಂಬರಿಯ ಒಂದು ಹಾಳೆಯನ್ನೂ ಪ್ರಿಂಟು ತೆಗೆದಿರಲಿಲ್ಲ, ಮನೆಗೂ ಒಯ್ದಿರಲಿಲ್ಲ. ಅದು ಇದ್ದದ್ದು ಆಸ್ಪತ್ರೆಯ ಸರ್ವರಿನಲ್ಲಿ, ‘ಬೇರು’ ಎಂಬ ಫೋಲ್ಡರಿನಲ್ಲಿ ಮಾತ್ರ. ಪ್ರತಿ ಭಾನುವಾರ ಆ ಸರ್ವರಿನ ಬ್ಯಾಕಪ್ ಆಗುತ್ತಿತ್ತು. ಬ್ಯಾಕಪ್ಪಿನ ಒಂದು ಡಿಸ್ಕಿಗೆ ಹಿಡಿಸದಷ್ಟು ದೊಡ್ಡದಾದ್ದರಿಂದ ಅದನ್ನು ಇಪ್ಪತ್ತಾರು ತುಂಡು ಮಾಡಿ ಸಣ್ಣ ಸಣ್ಣ ಡಿಸ್ಕುಗಳಿಗೆ ತುಂಬಬೇಕು. ವಾಪಸು ಬೇಕಾದಾಗ ಸಾಲಾಗಿ ಜೋಡಿಸಬೇಕು. ಯಾವ ತುಂಡಿನಲ್ಲಿ ಏನಿದೆ ಎಂಬುದು ಅವನ ಹೊರತು ಇನ್ನೊಬ್ಬರಿಗೆ ತಿಳಿಯದು. ಕಸಕಡ್ಡಿಯ ಫೋಲ್ಡರುಗಳನ್ನು ಬ್ಯಾಕಪ್ಪಿನಿಂದ ಬಿಟ್ಟುಬಿಡಲು ಒಂದು ಪಟ್ಟಿಯಿತ್ತು. ಅದರ ತುದಿಗೆ ಅವನು ಒಂದು ಪದ ಸೇರಿಸಿದ: ಬೇರು. ಕೊಲೆಗೆ ಎರಡೇ ಅಕ್ಷರ ಸಾಕಾಯಿತು.

ಹಿಂದಿನ ನಾಲ್ಕು ವಾರದ ಬ್ಯಾಕಪ್ಪುಗಳು ಅಳಿಸಿ ಅವುಗಳ ಜಾಗದಲ್ಲಿ ಹೊಸವು ಕೂರಲು ನಾಲ್ಕು ಭಾನುವಾರ ಬೇಕು. ಅಲ್ಲಿಯವರೆಗೆ ಅವನು ದಿನವೂ ಸರ್ವರಿಗೆ ಕಿವಿಯಾನಿಸಿ ನಿಟ್ಟುಸಿರು ಬಿಟ್ಟ. “ಡಿಸ್ಕು ಯಾಕೋ ನರಳ್ತಾ ಇದೆ ಸಾರ್.”

“ಅಲ್ಲಾಡ್ತಿದೆಯಾ?” ಎಂದು ಕೇಳಿದರು ಡಾಕ್ಟರರು, ಅಭ್ಯಾಸಬಲದಿಂದ.

ಮನೆಯಲ್ಲಿ ಹೆಂಡತಿಗೆ ಅನುಮಾನ. “ಏನ್ರೀ, ಒಬ್ಬರೇ ನಗ್ತಿದೀರಾ?”

“ಸರ್ವರಿನ ಡಿಸ್ಕು ಸಾಯೋ ಹಾಗಿದೆ ಕಣೇ.”

“ಸಾಯ್ತಾ ಇರೋದಕ್ಕೆ ನಗ್ತಾರಾ ಯಾರಾದ್ರೂ?” ಎಂದು ಅವಳು ಅವನ ಹಣೆ ಮುಟ್ಟಿ ನೋಡಿದಳು.

ನಾಲ್ಕನೇ ಭಾನುವಾರ ಕಳೆದ ಸೋಮವಾರ ಎಲ್ಲರಿಗಿಂತ ಮೊದಲು ಬಂದು ಸರ್ವರಿನ ಡಿಸ್ಕನ್ನು ಅಳಿಸಿ, ಕಿತ್ತು, ಮೂರು ಸಲ ನೆಲಕ್ಕೆ ಕುಕ್ಕಿದ. ನಾಲ್ಕನೆಯ ಸಲ ಅದು ತಾನಾಗಿಯೇ ಕೈಜಾರಿ ಕಾಲ ಮೇಲೆ ಬಿತ್ತು. ಹಾಗಾಗಿ ಡಾಕ್ಟರರು ಬಂದಾಗ ಅವನ ಕಣ್ಣಲ್ಲಿದ್ದದ್ದು ನಿಜವಾದ ನೀರು.

ಹೊಸ ಡಿಸ್ಕು ಹಾಕಿ, ಕುಂಟುತ್ತಲೇ ಇಪ್ಪತ್ತಾರು ತುಂಡುಗಳನ್ನೂ ಜೋಡಿಸಿದ. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಸಾವಿರ ರೋಗಿಗಳ ಹೆಸರುಗಳು ತೆರೆಯ ಮೇಲೆ ಸಾಲುಗಟ್ಟಿ ನಿಂತವು.

“ಎಲ್ಲಾ ಬಂತು ಸಾರ್. ನಿಮ್ಮ ಕಾದಂಬರಿ ಒಂದು ಬಿಟ್ಟು. ಅದಿದ್ದ ಹತ್ತೊಂಬತ್ತನೇ ತುಂಡೇ ಕೈಕೊಡ್ತು.”

ಡಾಕ್ಟರರು ರೋಗಿಗಳ ಕುರ್ಚಿಯಲ್ಲಿ ಕುಸಿದು ಕೂತರು. “ಗುಮಾಸ್ತನೂ ಹೋದನಾ?”

“ಅವನೂ ಹೋದ ಸಾರ್.”

“ಹೋಗಲಿ ಬಿಡಪ್ಪಾ,” ಎಂದು ಅವರೇ ಅವನ ಭುಜ ತಟ್ಟಿದರು. “ರೋಗಿಗಳನ್ನಾದ್ರೂ ಉಳಿಸಿದೆಯಲ್ಲ.” ಒಂದು ಕ್ಷಣ ಸರ್ವರಣ್ಣನಿಗೆ ತಾನು ಒಳ್ಳೆಯವನೇ ಇರಬೇಕು ಅನ್ನಿಸಿತು.

ಆಗ ಎಕ್ಸ್‌ರೇ ಅಕ್ಕ ಬಾಗಿಲಲ್ಲಿ ಬಂದು ನಿಂತಳು. ಅವಳು ಅಚ್ಚುಕಟ್ಟಿನ ಹೆಂಗಸು. ಒಬ್ಬೊಬ್ಬ ರೋಗಿಯ ಚಿತ್ರಗಳನ್ನೂ ಮೇಲ್ದವಡೆ, ಕೆಳದವಡೆ, ಒಸಡು, ಬೇರು ಎಂದು ನಾಲ್ಕು ಫೋಲ್ಡರು ಮಾಡಿ ಇಡುತ್ತಿದ್ದಳು. ಯಾವ ಬೇರನ್ನು ಬಿಡಬೇಕೆಂದು ಸರ್ವರಣ್ಣ ಪಟ್ಟಿಯಲ್ಲಿ ಬರೆದಿರಲಿಲ್ಲ. ಕಂಪ್ಯೂಟರು ಆ ಹೆಸರಿನದನ್ನೆಲ್ಲ ಬಿಟ್ಟಿತ್ತು. “ಒಂದು ತುಂಡು ಕೆಟ್ಟಿದ್ರೆ ಒಂದಷ್ಟು ಜನರದ್ದು ಪೂರ್ತಿ ಹೋಗಬೇಕಿತ್ತಲ್ವಾ ಸಾರ್?” ಎಂದಳು ಅವಳು. “ಹನ್ನೊಂದು ಸಾವಿರ ಜನರದ್ದೂ ಎಲ್ಲಾ ಇದೆ, ಬೇರು ಮಾತ್ರ ಇಲ್ಲ.” ಡಾಕ್ಟರರು ಅವಳನ್ನು ನೋಡಿದರು, ಆಮೇಲೆ ಸರ್ವರಣ್ಣನನ್ನು. ಅವನು ಕನ್ನಡಕ ಒರೆಸಿಕೊಳ್ಳುತ್ತಿದ್ದ. ಅವರು ನಿಧಾನವಾಗಿ ಎದ್ದು, ಅವನನ್ನು ಅದೇ ಕುರ್ಚಿಯಲ್ಲಿ ಕೂರಿಸಿ, ಮೇಲಿನ ದೀಪ ಹಾಕಿ, ಮೆಲ್ಲಗೆ ಹೇಳಿದರು: “ಬಾಯಿ ಬಿಡಪ್ಪಾ.”